1948ರ ಹೊಸಪೇಟೆ–ಕೊಪ್ಪಳ ಥ್ರಿಲ್ಲರ್: ಹೊಳೆಯ ಯಾವ ದಂಡೆ ಅಂತ ಮೊದಲು ಕೇಳಿಕೊಳ್ಳಿ

ನಿಮ್ಮ ದೃಶ್ಯ ಇಷ್ಟು: 1948ರ ಸೆಪ್ಟೆಂಬರ್ 12ರ ರಾತ್ರಿ, ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗುವ ಮುನ್ನಾ ರಾತ್ರಿ, ನಾಯಕ ಹೊಸಪೇಟೆ ಕಡೆಯಿಂದ ತುಂಗಭದ್ರೆಯ ಆಚೆ ದಂಡೆಗೆ, ನಿಜಾಮನ ಸೀಮೆಗೆ, ಹರಿಗೋಲಿನಲ್ಲಿ ಹನ್ನೆರಡು ರೈಫಲ್ ದಾಟಿಸುತ್ತಾನೆ. ಅಮಾವಾಸ್ಯೆಯ ಕತ್ತಲು. ಅಂಬಿಗನ ಕೈಗೆ ಐವತ್ತರ ನೋಟು. ಅತ್ತ ಕೊಪ್ಪಳದ ಕಲೆಕ್ಟರ್ ರಾಯಚೂರಿಗೆ ಫೋನ್ ತಿರುಗಿಸುತ್ತಾನೆ. ತಾಂತ್ರಿಕ ತಪ್ಪು ಇಲ್ಲದಂತೆ ಹೇಗೆ ನೋಡಿಕೊಳ್ಳಲಿ ಅಂತ ಕೇಳಿದ್ದೀರಿ.

ಕತ್ತಲಿನಿಂದಲೇ ಶುರು ಮಾಡೋಣ. ಆ ತಿಂಗಳು ಅಮಾವಾಸ್ಯೆ 3ನೇ ತಾರೀಖು, ಹುಣ್ಣಿಮೆ 18ಕ್ಕೆ. ಹನ್ನೆರಡರ ರಾತ್ರಿ ಶುಕ್ಲಪಕ್ಷದ ಚಂದ್ರ ನಡುರಾತ್ರಿ ದಾಟಿದ ಮೇಲೂ ಆಕಾಶದಲ್ಲಿ ಇರುತ್ತಾನೆ. ಕತ್ತಲು ಬೇಕೆಂದರೆ ಮೋಡ ಕವಿಸಿ, ಇಲ್ಲವೇ ಬೆಳಗಿನ ಜಾವ ಮೂರರ ನಂತರ ದಾಟಿಸಿ. ಇದನ್ನು ಲೆಕ್ಕ ಹಾಕುವುದು ಸುಲಭ: 1948ರ ನವೆಂಬರ್ 1ರಂದು ಸೂರ್ಯಗ್ರಹಣ ಇತ್ತು, ಅಂದರೆ ಅಮಾವಾಸ್ಯೆ. ಅಲ್ಲಿಂದ ಇಪ್ಪತ್ತೊಂಬತ್ತೂವರೆ ದಿನದ ಹೆಜ್ಜೆಯಲ್ಲಿ ಹಿಂದೆ ಬನ್ನಿ. ಹಳೆ ಪಂಚಾಂಗ ಸಿಕ್ಕರೆ ಅದೂ ಬೇಡ.

ಇನ್ನು ಹೊಳೆ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು, ನೀರು ನಿಂತದ್ದು 1953ರಲ್ಲಿ. ನಿಮ್ಮ ಕಥೆಯ ಹೊತ್ತಿಗೆ ಹಿನ್ನೀರೆಂಬುದೇ ಇಲ್ಲ, ನಾರಾಯಣದೇವರಕೆರೆ ಇನ್ನೂ ಮುಳುಗಿಲ್ಲ. ಕಾಮಗಾರಿಯ ಜಾಗದಲ್ಲಿ ಕಲ್ಲು, ಸುರ್ಕಿ ಗಾರೆ, ಕೂಲಿಗಳ ಗುಡಿಸಲು ಇದ್ದವು. ರಾತ್ರಿ ಗುಟ್ಟಾಗಿ ದಾಟಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ತಡೆಯಿಲ್ಲದ ಹೊಳೆಯಾದ್ದರಿಂದ ಸೆಪ್ಟೆಂಬರಿನಲ್ಲಿ ಮಳೆಗಾಲದ ಸೆಳೆತ ಉಳಿದಿರುತ್ತದೆ. ಏಪ್ರಿಲ್–ಮೇ ಆಗಿದ್ದರೆ ಎಷ್ಟೋ ಕಡೆ ನಡೆದೇ ದಾಟಬಹುದಿತ್ತು.

ಹರಿಗೋಲನ್ನು ನೀವು ದೋಣಿಯಂತೆ ನೇರ ಓಡಿಸಿದ್ದೀರಿ. ಅದು ಬುಟ್ಟಿ: ಬಿದಿರಿನ ದಬ್ಬೆ ಹೆಣೆದು, ಹೊರಗೆ ಎಮ್ಮೆ ತೊಗಲು ಹೊಲಿದದ್ದು. ಇವತ್ತು ಹಂಪಿಯಲ್ಲಿ ಕಾಣುವ ಪ್ಲಾಸ್ಟಿಕ್ ಹೊದಿಕೆ, ಫೈಬರ್ ಆಗ ಇರಲಿಲ್ಲ. ಮೂತಿ, ಬಾಲ ಎರಡೂ ಇಲ್ಲದ್ದರಿಂದ ಹುಟ್ಟು ಒಂದು ಬದಿ ಜೋರಾದರೆ ಸಾಕು, ಗಿರ್ರನೆ ತಿರುಗುತ್ತದೆ. ಅಂಬಿಗ ಮುಂದೆ ಕೂತು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ, ಹಿಂದಕ್ಕೆ ತಳ್ಳುವುದಿಲ್ಲ. ಲೆಕ್ಕ ನೋಡಿ: ಹೊಳೆ 400 ಮೀಟರ್ ಅಗಲ, ಹುಟ್ಟಿನ ವೇಗ ಗಂಟೆಗೆ 2 ಕಿಲೋಮೀಟರ್, ಸೆಳವು 5 ಅಂತ ಹಿಡಿದರೆ ದಾಟಲು ಹನ್ನೆರಡು ನಿಮಿಷ, ಅಷ್ಟರಲ್ಲಿ ಒಂದು ಕಿಲೋಮೀಟರ್ ಕೆಳಗೆ ಹೋಗಿರುತ್ತೀರಿ. ಹಾಗಾಗಿ ಅಂಬಿಗ ಇಳಿಯುವ ಜಾಗಕ್ಕಿಂತ ಬಹಳ ಮೇಲಿಂದಲೇ ಬಿಡುತ್ತಾನೆ. ವಾಪಸು ಬರಬೇಕೆಂದರೆ ಹರಿಗೋಲನ್ನು ಬೋರಲು ಹಾಕಿ ತಲೆಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆಯಬೇಕು. ನೆಂದ ತೊಗಲು ಮೆತ್ತಗಾಗಿ ಭಾರ ಏರುತ್ತದೆ, ಕವುಚಿ ಒಣಗಿಸದಿದ್ದರೆ ಕೊಳೆಯುತ್ತದೆ. ನೀವು ಬರೆದಂತೆ ಒಂದೇ ರಾತ್ರಿ ನಾಲ್ಕು ಸಲ ದಾಟುವುದು ಆಗದ ಮಾತು. ಆದರೆ ಬೆಳಗ್ಗೆ ದಂಡೆಯ ಮೇಲೆ ಕವುಚಿಟ್ಟ ಹಸಿ ತೊಗಲಿನ ಹರಿಗೋಲು ಪೊಲೀಸನಿಗೆ ಒಳ್ಳೇ ಸುಳಿವು, ಅದನ್ನು ಬಿಡಬೇಡಿ. ಹಂಪಿ–ಆನೆಗೊಂದಿ ನಡುವಿನ ಬಂಡೆಗಳ ಕಡೆ ಮಾತ್ರ ಸೆಳವಿದ್ದಾಗ ರಾತ್ರಿ ಯಾರನ್ನೂ ಇಳಿಸಬೇಡಿ.

ರೈಫಲ್ .303 ಲೀ ಎನ್‌ಫೀಲ್ಡ್ ಆದರೆ ಒಂದೊಂದು ಸುಮಾರು 4 ಕಿಲೋ, ಉದ್ದ 44 ಇಂಚಿಗೆ ತುಸು ಹೆಚ್ಚು. ಗೋಣಿಚೀಲದ ಉದ್ದವೂ ಬರಾಬರಿ 44 ಇಂಚು. ಜೋಳ ತುಂಬಿ ಬಾಯಿ ಹೊಲಿದ ಚೀಲದಲ್ಲಿ ರೈಫಲ್ ಅಡಗುವುದಿಲ್ಲ, ಹಿಡಿ ಹೊರಗೆ ಇಣುಕುತ್ತದೆ. ಚಕ್ಕಡಿಯಲ್ಲಿ ಸೊಪ್ಪೆಯ ಕೆಳಗೆ ಇಡಿ. ಮ್ಯಾಗಜಿನ್‌ನಲ್ಲಿ ಹತ್ತೇ ತೋಟಾ, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. ನಿಮ್ಮ ನಾಯಕ ಒಂದೇ ಉಸಿರಿಗೆ ಹದಿನಾಲ್ಕು ಹಾರಿಸಿದ್ದಾನೆ.

ಓದುಗ ಥಟ್ಟನೆ ಹಿಡಿಯುವುದು ಬಂದೂಕಿನ ತಪ್ಪನ್ನಲ್ಲ, ದುಡ್ಡಿನದನ್ನು. ಆಚೆ ದಂಡೆಯಲ್ಲಿ ನಡೆಯುತ್ತಿದ್ದದ್ದು ಚಾರ್‌ಮಿನಾರ್ ಚಿತ್ರವಿದ್ದ ಹಾಲಿ ಸಿಕ್ಕಾ, ಅಂದರೆ ನಿಜಾಮನ ರೂಪಾಯಿ; ಈಚೆಯ ಭಾರತದ ರೂಪಾಯಿಗೆ ಅಲ್ಲಿಯ ಹೆಸರು ಕಲ್ದಾರ್. ಆರು ಕಲ್ದಾರಿಗೆ ಏಳು ಹಾಲಿ, ಅಂದರೆ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ. ಎರಡೂ ಕಡೆ ರೂಪಾಯಿಗೆ ಹದಿನಾರಾಣೆ. ರಿಸರ್ವ್ ಬ್ಯಾಂಕಿನ ಐವತ್ತರ ನೋಟು ಬಂದದ್ದು 1975ರಲ್ಲಿ. ಅಂಬಿಗ "ಕಲ್ದಾರ್ ಕೊಡ್ರಿ, ಹಾಲಿ ಬ್ಯಾಡ" ಅಂದರೆ ಸಾಕು, ಆ ಒಂದು ಸಾಲು ಒಂದು ಪುಟದ ಇತಿಹಾಸ ಪಾಠವನ್ನು ಉಳಿಸುತ್ತದೆ.

ತಾರೀಖಿನ ಗೊಂದಲ ಇನ್ನೂ ಮಜಾ. ನಿಜಾಮನ ಕಚೇರಿ ಕಾಗದದಲ್ಲಿ ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ, ಅಕ್ಟೋಬರಿನಲ್ಲಿ ಆಜೂರ್ ತಿಂಗಳಿಂದ ಶುರು. ಹೊಸಪೇಟೆಯಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಯ ಕಂದಾಯ ಲೆಕ್ಕಕ್ಕೂ ಫಸಲಿಯೇ, ಆದರೆ ಅದು ಜುಲೈಯಿಂದ. ಹಾಗಾಗಿ ನಿಮ್ಮ ಆ ಒಂದೇ ದಿನ ಕೊಪ್ಪಳದ ಕಾಗದದಲ್ಲಿ 1357ರ ಕೊನೆಯ ತಿಂಗಳಾದ ಆಬಾನ್, ಹೊಸಪೇಟೆಯ ಕಂದಾಯ ಪುಸ್ತಕದಲ್ಲಿ ಫಸಲಿ 1358. ಕಳ್ಳ ದಾಖಲೆಯೊಂದನ್ನು ಪತ್ತೆ ಹಚ್ಚಿಸಬೇಕಿದ್ದರೆ ಇದಕ್ಕಿಂತ ಚೆಂದದ ಎಳೆ ಸಿಗಲಿಕ್ಕಿಲ್ಲ. ಅಂಚೆಯೂ ಬೇರೆ: ನಿಜಾಮನ ಸ್ಟಾಂಪು ಸಂಸ್ಥಾನದೊಳಗಷ್ಟೇ ಸಲ್ಲುತ್ತಿತ್ತು.

ಕೊಪ್ಪಳದ ಕಲೆಕ್ಟರನ್ನು ತೆಗೆದುಬಿಡಿ. ಕೊಪ್ಪಳ ಜಿಲ್ಲೆಯಾದದ್ದೇ 1997ರಲ್ಲಿ. ಆಗ ಅದು ರಾಯಚೂರು ಜಿಲ್ಲೆಯ ಒಳಗೆ ಹೈದರಾಬಾದಿನ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರು. ಜಿಲ್ಲೆಯ ಮುಖ್ಯಸ್ಥ ರಾಯಚೂರಿನಲ್ಲಿ, ಅವನ ಹುದ್ದೆ ಅವ್ವಲ್ ತಾಲೂಕದಾರ. ಹೆಸರಿಗೆ ಮೋಸ ಹೋಗಬೇಡಿ, ಅವನು ತಾಲೂಕಿನ ಅಧಿಕಾರಿಯಲ್ಲ. ಪೊಲೀಸ್ ಠಾಣೆಯ ಅಧಿಕಾರಿಗೆ ಅಮೀನ ಎಂಬ ಹೆಸರು. ಮುಂಡರಗಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು, ನಿಜಾಮನ ವಿರುದ್ಧ ಹೋರಾಡುತ್ತಿದ್ದ ಆಳವಂಡಿಯ ಶಿವಮೂರ್ತಿಸ್ವಾಮಿಗಳ ಶಿಬಿರ ಇದ್ದದ್ದು ಅಲ್ಲೇ. ಸಂಡೂರು ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನವಾಗಿತ್ತು. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟು ಬೇರೆ ಬೇರೆ ಸರಕಾರಗಳ ಪೊಲೀಸರು, ಗಡಿ ದಾಟಿದರೆ ಒಬ್ಬರ ಅಧಿಕಾರ ಮುಗಿಯಿತು! ತಪ್ಪಿಸಿಕೊಳ್ಳುವವನಿಗೆ ಇದಕ್ಕಿಂತ ಅನುಕೂಲ ಏನು ಬೇಕು?

ಫೋನಿನಲ್ಲಿ ನಂಬರು ತಿರುಗಿಸುವುದೂ ಬೇಡ. ಹಿಡಿ ತಿರುಗಿಸಿದರೆ ಎಕ್ಸ್‌ಚೇಂಜಿನವನು ಎತ್ತುತ್ತಾನೆ, ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು, ಮಾತು ಅವನ ಕಿವಿಗೆ ಬೀಳುತ್ತದೆ. ಹೊಸಪೇಟೆ–ಕೊಪ್ಪಳ–ಗದಗ ರೈಲು ಮೀಟರ್‌ಗೇಜ್, ನಡೆಸುತ್ತಿದ್ದದ್ದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಸದರ್ನ್ ರೈಲ್ವೆ ಎಂಬ ಹೆಸರು 1951ರ ಏಪ್ರಿಲ್ 14ರಿಂದ. ಬಳ್ಳಾರಿಯಿಂದ ರಾಯಚೂರಿಗೆ ಹೋಗುವವನು ಗುಂತಕಲ್ಲಿನಲ್ಲಿ ಇಳಿದು ಬ್ರಾಡ್‌ಗೇಜ್ ಗಾಡಿ ಹತ್ತಬೇಕು. ರೇಡಿಯೋ ಹಚ್ಚಿದ ಕೂಡಲೇ ಉಲಿಯುವುದಿಲ್ಲ, ಒಳಗಿನ ವಾಲ್ವ್ ಬಿಸಿಯಾಗಬೇಕು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ.

ಬಯಲಿನ ಬಣ್ಣವನ್ನೂ ನೋಡಿಕೊಳ್ಳಿ. ಸಿಂಧನೂರು, ಮಾನ್ವಿಯ ಕಡೆ ನೀವು ಹರಡಿದ ಭತ್ತದ ಗದ್ದೆ ಎಡದಂಡೆ ಕಾಲುವೆಯ ನೀರು ಬಂದ ಮೇಲಿನ ಚಿತ್ರ, ಆಗ ಅದು ಜೋಳ–ಹತ್ತಿಯ ಎರೆಹೊಲ. ಗದ್ದೆ, ಕಬ್ಬು ಬೇಕಿದ್ದರೆ ವಿಜಯನಗರದ ಕಾಲುವೆಗಳಿದ್ದ ಹೊಸಪೇಟೆ, ಆನೆಗೊಂದಿ ಆಸುಪಾಸಿಗೆ ಬನ್ನಿ. ನಾಯಕನನ್ನು ಕಾಂಗ್ರೆಸ್ ಕಸದಲ್ಲಿ ಅಡಗಿಸಿದ್ದೀರಿ. ಅದು ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇ 1955ರ ಸುಮಾರಿಗೆ, ಪುಣೆಯಲ್ಲಿ.

ಹುಡುಕುವುದು ಎಲ್ಲಿ? ಸರ್ವೆ ಆಫ್ ಇಂಡಿಯಾದ ಮೈಲಿಗೊಂದು ಇಂಚಿನ ನಕ್ಷೆ, ಅಣೆಕಟ್ಟಿಗಿಂತ ಹಿಂದಿನ ಮುದ್ರಣ, ತರಿಸಿಕೊಳ್ಳಿ: ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮೂರೂ 57ಎ ಗುಂಪಿನಲ್ಲಿ, ರಾಯಚೂರು 56ಎಚ್, ಮುಂಡರಗಿ 48ಎಂ. ಸರ್ವೆಯ ವರ್ಷ ಮತ್ತು ಮುದ್ರಣದ ವರ್ಷ ಅಂಚಿನಲ್ಲಿ ಬೇರೆ ಬೇರೆ ಇರುತ್ತವೆ, ನಿಮಗೆ ಬೇಕಾದದ್ದು ಸರ್ವೆಯ ವರ್ಷ. ಬಳ್ಳಾರಿ ಕಡೆಯ ಸರಕಾರಿ ಕಾಗದ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲಿ, ರಾಯಚೂರಿನದು ಹೈದರಾಬಾದಿನ ತಾರ್ನಾಕದಲ್ಲಿ, ಹೆಚ್ಚಿನದು ಉರ್ದುವಿನಲ್ಲಿ. ಕೈಬರಹದ ಶಿಕಸ್ತಾ ಓದಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅಚ್ಚಿನ ಉರ್ದು ಬಂದರೆ ಸಾಲದು. ರೈಲಿನ ವೇಳೆಗೆ ಅದೇ ವರ್ಷದ ಬ್ರಾಡ್‌ಷಾ, ಅಂದರೆ ರೈಲು ವೇಳಾಪಟ್ಟಿಯ ಪುಸ್ತಕ, ನೋಡಿ. ಒಂದು ವರ್ಷ ಆಚೀಚೆಯದು ಕೈಗೆ ಸಿಕ್ಕರೆ ನಿಮಿಷ ಬರೆಯಬೇಡಿ, "ಸಂಜೆ ಗಾಡಿ" ಅಂತಷ್ಟೇ ಬರೆಯಿರಿ.