ಹೆಸರಿನ ಮುಂದೆ ಅಷ್ಟೊಂದು ಅಕ್ಷರ, ನಂಬೋದು ಯಾವುದನ್ನ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಮ್ಮನಿಗೆ ಥೈರಾಯ್ಡ್ ಗಡ್ಡೆ ಇದೆ, ಪೂರ್ತಿ ತೆಗೀಬೇಕು ಅಂದಿದಾರೆ. ಇಬ್ಬರು ಸರ್ಜನ್ ಹತ್ರ ತೋರಿಸಿದ್ವಿ. ಒಬ್ಬರ ಬೋರ್ಡಲ್ಲಿ ಎಂಬಿಬಿಎಸ್, ಎಂಎಸ್ ಅಷ್ಟೇ ಇದೆ. ಇನ್ನೊಬ್ಬರದ್ದು ಎರಡು ಸಾಲು ತುಂಬ ಅಕ್ಷರಗಳು, ಅರ್ಧಕ್ಕರ್ಧ ಎಫ್ ಅಂತ ಶುರುವಾಗತ್ತೆ. ಜಾಸ್ತಿ ಇದ್ದವರ ಹತ್ರನೇ ಹೋಗ್ಬೇಕಾ? ಅವರನ್ನೇ ಕೇಳೋಣ ಅಂದ್ರೆ ಬೇಜಾರ್ ಮಾಡ್ಕೋತಾರೇನೋ ಅಂತ ಭಯ.

ಉತ್ತರ: ನಿಮ್ಮ ಭಯ ನಂಗೆ ಅರ್ಥ ಆಗತ್ತೆ, ಆದ್ರೆ ಕೇಳಿ, ಖಂಡಿತ ಕೇಳಿ. ಕತ್ತಿನ ಮೇಲೆ ಕತ್ತರಿ ಇಡೋರನ್ನ ನಾಲ್ಕು ಮಾತು ಕೇಳೋಕೆ ನಿಮಗೆ ಪೂರ್ತಿ ಹಕ್ಕಿದೆ.

ಮೊದಲು ಅಕ್ಷರಗಳ ವಿಷಯ. ಇಂಡಿಯಾದಲ್ಲಿ ಎಂಬಿಬಿಎಸ್ ಅಂದ್ರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟಕ್ಕೆ ಡಾಕ್ಟರ್ ಆಗ್ತಾರೆ, ಸರ್ಜನ್ ಆಗಲ್ಲ. ಅದಾದ್ಮೇಲೆ ಮೂರು ವರ್ಷ ಎಂಎಸ್, ಅದು ಜನರಲ್ ಸರ್ಜರಿನೋ ಇಎನ್‌ಟಿನೋ ಆರ್ಥೋಪೆಡಿಕ್ಸೋ ಅಂತ ಪಕ್ಕದಲ್ಲಿ ಬರೆದಿರಬೇಕು, ಅದನ್ನ ನೋಡಿ. ಡಿಎನ್‌ಬಿ ಅಂತಿದ್ರೆ ಕಡಿಮೆ ಅಂದ್ಕೋಬೇಡಿ, ಅದು ನ್ಯಾಷನಲ್ ಬೋರ್ಡ್ ಪರೀಕ್ಷೆ ನಡೆಸಿ ಕೊಡೋ ಸ್ನಾತಕೋತ್ತರ ಪದವಿ. ಇನ್ನೂ ಮೂರು ವರ್ಷ ಒಂದೇ ವಿಭಾಗದಲ್ಲಿ ಓದಿದ್ರೆ ಎಂಸಿಎಚ್, ಅಂದ್ರೆ ಎಲ್ಲಾ ಸೇರಿ ಹನ್ನೊಂದೂವರೆ ವರ್ಷ. ಥೈರಾಯ್ಡ್ ವಿಷಯದಲ್ಲಿ ಒಂದು ತಿಳ್ಕೊಳ್ಳಿ, ಈ ಆಪರೇಷನ್ನ ಜನರಲ್ ಸರ್ಜನ್ ಮಾಡ್ತಾರೆ, ಇಎನ್‌ಟಿಯವರು ಮಾಡ್ತಾರೆ, ತಲೆ-ಕತ್ತಿನ ಕ್ಯಾನ್ಸರ್ ಸರ್ಜನ್ ಮಾಡ್ತಾರೆ, ಎಂಡೋಕ್ರೈನ್, ಅಂದ್ರೆ ಹಾರ್ಮೋನ್ ಗ್ರಂಥಿಗಳ ಸರ್ಜರೀಲಿ ಎಂಸಿಎಚ್ ಮಾಡಿದವರೂ ಇದಾರೆ. ಹಾಗಾಗಿ ಬರೀ ಪದವಿ ಹೆಸರು ನೋಡಿ ಇವರೇ ಸರಿ ಅಂತ ಹೇಳೋಕಾಗಲ್ಲ.

ಇನ್ನು ಎಫ್ ಸಾಲು. ಎಫ್ ಅಂದ್ರೆ ಫೆಲೋ, ಆದ್ರೆ ಎಲ್ಲಾ ಎಫ್ ಒಂದೇ ತೂಕದ್ದಲ್ಲ. ಬ್ರಿಟನ್ನಿನ ಎಫ್‌ಆರ್‌ಸಿಎಸ್ ಈಗ ಸ್ಪೆಷಾಲಿಟಿ ಟ್ರೈನಿಂಗ್ ಕೊನೇ ಹಂತದಲ್ಲಿ ಬರೆಯೋ ಪರೀಕ್ಷೆ, ಎಂಆರ್‌ಸಿಎಸ್ ಟ್ರೈನಿಂಗ್ ಶುರುವಿನದು, ಒಂದಕ್ಷರದ ವ್ಯತ್ಯಾಸ ಆದ್ರೆ ನಡುವೆ ಎಷ್ಟೋ ವರ್ಷ ಇದೆ. (ಅಲ್ಲಿ ಸರ್ಜನ್‌ಗಳನ್ನ ಡಾಕ್ಟರ್ ಅಂತ ಕರೆಯಲ್ಲ, ಮಿಸ್ಟರ್, ಮಿಸ್ ಅಂತಾರೆ. ಹಿಂದೆ ಕ್ಷೌರಿಕರೂ ಸರ್ಜನ್‌ಗಳೂ ಲಂಡನ್ನಲ್ಲಿ ಒಂದೇ ಸಂಘದಲ್ಲಿದ್ದು 1745ರಲ್ಲಿ ಬೇರೆಯಾದವರು, ಆ ಕಾಲದ ರೂಢಿ ಇನ್ನೂ ಉಳ್ಕೊಂಡಿದೆ. ಬ್ರಿಟನ್ನಲ್ಲಿರೋ ಸಂಬಂಧಿಕರು "ಇಲ್ಲಿ ಡಾಕ್ಟರ್ ಅಲ್ಲದವರು ಆಪರೇಷನ್ ಮಾಡ್ತಾರೆ" ಅಂದ್ರೆ ಗಾಬರಿ ಆಗ್ಬೇಡಿ.) ಅಮೆರಿಕದ ಎಫ್‌ಎಸಿಎಸ್ ಪರೀಕ್ಷೆ ಅಲ್ಲ, ಅಲ್ಲಿ 1913ರಲ್ಲಿ ಶುರುವಾದ ಕಾಲೇಜ್ ಆಫ್ ಸರ್ಜನ್ಸ್ ಒಬ್ಬರ ಕೆಲಸ, ನಡತೆ ಎಲ್ಲಾ ನೋಡಿ ಸೇರಿಸ್ಕೊಳ್ಳೋದು. ಇವೆಲ್ಲ ತೂಕ ಇರೋವು. ಆದ್ರೆ ಕೆಲವು ದಿನದ ಕೋರ್ಸ್ ಮುಗಿಸಿದ್ರೆ ಸಿಗೋ ಎಫ್ ಇದೆ, ಚಂದಾ ಕಟ್ಟಿ ಸದಸ್ಯರಾದ್ರೆ ಹಾಕ್ಕೊಳ್ಳೋ ಅಕ್ಷರಗಳೂ ಇವೆ. ಅವು ಸುಳ್ಳಲ್ಲ, ಕಲಿಯೋ ಆಸಕ್ತಿ ಇದೆ ಅಂತ ತೋರಿಸತ್ತೆ ಅಷ್ಟೇ, ಮೂರು ವರ್ಷದ ಎಂಎಸ್ ಪಕ್ಕದಲ್ಲಿ ಅದೇ ಸೈಜಲ್ಲಿ ಬರೆದಾಗ ನಿಮ್ಮಂಥವರಿಗೆ ಗೊಂದಲ ಆಗತ್ತಲ್ಲ, ಅದು ನಂಗೆ ನಿಜವಾಗ್ಲೂ ಸರಿ ಕಾಣಲ್ಲ. ಬಿಡಿಸಿ ಹೇಳಿ ಅಂತ ಕೇಳಿ: ಇದು ಎಷ್ಟು ದಿನದ್ದು, ಪರೀಕ್ಷೆ ಇತ್ತಾ, ಕೈಯಾರೆ ಆಪರೇಷನ್ ಮಾಡಿಸಿದ್ರಾ.

ರಿಜಿಸ್ಟ್ರೇಶನ್ ನಂಬರ್ ಮರೀಬೇಡಿ. ಪ್ರಿಸ್ಕ್ರಿಪ್ಶನ್ ಚೀಟಿ ಮೇಲೆ ಅದು ಇರ್ಲೇಬೇಕು ಅಂತ ಇಂಡಿಯಾದಲ್ಲಿ 2002ರ ನಿಯಮಾವಳೀಲೇ ಇದೆ. ಆ ನಂಬರ್ ಇಟ್ಕೊಂಡು ರಾಜ್ಯದ ಮೆಡಿಕಲ್ ಕೌನ್ಸಿಲ್ಲಲ್ಲೋ ನ್ಯಾಷನಲ್ ಮೆಡಿಕಲ್ ಕಮಿಷನ್ ರಿಜಿಸ್ಟರ್ನಲ್ಲೋ ಹುಡುಕಬಹುದು, ಎಂಬಿಬಿಎಸ್ ಜೊತೆ ಎಂಎಸ್ ಕೂಡ ಸೇರಿಸಿದಾರಾ ನೋಡಿ. ಬ್ರಿಟನ್ನಲ್ಲಾದ್ರೆ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ಸ್ಪೆಷಲಿಸ್ಟ್ ರಿಜಿಸ್ಟರ್. ಅಮೆರಿಕದಲ್ಲಾದ್ರೆ ರಾಜ್ಯದ ಲೈಸೆನ್ಸ್ ಬೇರೆ, ಬೋರ್ಡ್ ಸರ್ಟಿಫಿಕೇಶನ್ (ಆ ವಿಭಾಗದ ತಜ್ಞರ ಮಂಡಳಿ ಪರೀಕ್ಷೆ ಮಾಡಿ ಕೊಡೋದು) ಬೇರೆ, "ಬೋರ್ಡ್ ಎಲಿಜಿಬಲ್" ಅಂದ್ರೆ ಇನ್ನೂ ಸರ್ಟಿಫಿಕೇಟ್ ಸಿಕ್ಕಿಲ್ಲ ಅಂತ.

ಇಷ್ಟೆಲ್ಲಾ ಸರಿ ಇದೆ ಅಂತಾದ್ರೆ ಇಬ್ಬರೂ ಬಾಗಿಲು ದಾಟಿ ಒಳಗೆ ಬಂದ ಹಾಗಾಯ್ತು, ಅಷ್ಟೇ. ನಾನು ಮುಖ್ಯವಾಗಿ ಹೇಳ್ಬೇಕಿರೋದು ಮುಂದಿನದು. ನಿಮ್ಮಮ್ಮನಿಗೆ ಬೇಕಾಗಿರೋ ಅದೇ ಆಪರೇಷನ್ನ ಇವರು ವರ್ಷಕ್ಕೆ ಎಷ್ಟು ಮಾಡ್ತಾರೆ? ಅಮೆರಿಕದಲ್ಲಿ ಹದಿನೇಳು ಸಾವಿರದ ಹತ್ತಿರ ಜನರ ಥೈರಾಯ್ಡ್ ಆಪರೇಷನ್ ದಾಖಲೆ ನೋಡಿ 2017ರಲ್ಲಿ ಒಂದು ಅಧ್ಯಯನ ಬಂತು, ವರ್ಷಕ್ಕೆ 25ಕ್ಕಿಂತ ಹೆಚ್ಚು ಮಾಡೋರ ಕೈಯಲ್ಲಿ ತೊಂದರೆ ಕಡಿಮೆ. ಆ ದಾಖಲೆಗಳಲ್ಲಿದ್ದ ಸರ್ಜನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ವರ್ಷಕ್ಕೆ ಒಂದೇ ಒಂದು ಮಾಡಿದವರು! ಥೈರಾಯ್ಡ್ ಹಿಂದೇನೇ ಧ್ವನಿಯ ನರ ಹೋಗತ್ತೆ, ಸಣ್ಣ ದಾರದ ಹಾಗೆ. ಕ್ಯಾಲ್ಸಿಯಂ ನೋಡ್ಕೊಳ್ಳೋ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿ ಅಲ್ಲೇ ಅಂಟ್ಕೊಂಡಿರತ್ತೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಸುತ್ತ ಇರೋ ಕೊಬ್ಬಿನ ಬಣ್ಣದಲ್ಲೇ ಕಾಣತ್ತೆ. ಅದನ್ನ ಗುರುತು ಹಿಡಿಯೋದು ಕಣ್ಣಿಗೆ ರೂಢಿಯಾಗಿದ್ರೆ ಮಾತ್ರ.

ಕೈಯಿಂದ ಕೈಗೆ ವ್ಯತ್ಯಾಸ ಎಷ್ಟಿರತ್ತೆ ಅಂತ ಮಿಷಿಗನ್‌ನಲ್ಲಿ ನೋಡಿದಾರೆ. ತೂಕ ಇಳಿಸೋ ಆಪರೇಷನ್ ಮಾಡೋ 20 ಸರ್ಜನ್‌ಗಳ ವಿಡಿಯೋನ ಬೇರೆ ಸರ್ಜನ್‌ಗಳಿಗೆ ತೋರಿಸಿ, ಯಾರದ್ದು ಅಂತ ಹೇಳದೆ ಅಂಕ ಹಾಕಿಸಿದ್ರು. ಕಡಿಮೆ ಅಂಕದ ಕಾಲು ಭಾಗದವರ ರೋಗಿಗಳಲ್ಲಿ 14.5 ಪರ್ಸೆಂಟ್ ಜನಕ್ಕೆ ತೊಂದರೆ, ಹೆಚ್ಚು ಅಂಕದವರಲ್ಲಿ 5.2. ಇದು ಪ್ರಕಟ ಆಗಿದ್ದು 2013ರಲ್ಲಿ. ಅವರೆಲ್ಲಾ ಅದೇ ಆಪರೇಷನ್ ಮಾಡ್ತಿದ್ದ ಸರ್ಜನ್‌ಗಳೇ ಅನ್ನೋದನ್ನ ನೆನಪಿಡಿ.

ಬೇಜಾರ್ ಮಾಡ್ಕೋತಾರೆ ಅಂದ್ರಲ್ಲ, ನನ್ನನ್ನೇ ಒಬ್ಬ ಹುಡುಗಿ ಕೇಳಿದ್ಲು. ಅಪ್ಪನ ಫೈಲ್ ಎದೆಗೆ ಅವುಚ್ಕೊಂಡು ನಿಂತಿದ್ಲು, ಕೂರಮ್ಮ ಅಂದ್ರೂ ಕೂರಲಿಲ್ಲ, "ಸರ್, ಇದನ್ನ ನೀವು ಎಷ್ಟು ಜನಕ್ಕೆ ಮಾಡಿದೀರಾ" ಅಂತ ಒಂದೇ ಉಸಿರಲ್ಲಿ ಕೇಳಿ ನೆಲ ನೋಡಿದ್ಲು. ಪಿತ್ತಕೋಶ ಆದ್ರೆ ವಾರ ವಾರ ಮಾಡ್ತೀನಿ ಕಣಮ್ಮ, ಇದು ವರ್ಷಕ್ಕೆ ಎರಡೋ ಮೂರೋ ಅಂದೆ. ಹೇಳ್ತಾ ಹೇಳ್ತಾ ನಂಗೇ ಉತ್ತರ ಗೊತ್ತಾಯ್ತು, ಇದನ್ನೇ ದಿನಾ ಮಾಡೋ ಸ್ನೇಹಿತರಿಗೆ ಚೀಟಿ ಬರೆದುಕೊಟ್ಟೆ. ಆ ಹುಡುಗಿ ಮೇಲೆ ನಂಗೆ ಇವತ್ತಿಗೂ ಗೌರವ ಇದೆ.

ಹಾಗಾಗಿ ನೀವೂ ಕೇಳಿ: ಕಳೆದ ವರ್ಷ ಎಷ್ಟು ಥೈರಾಯ್ಡ್ ಮಾಡಿದ್ರಿ, ನಿಮ್ಮ ಕೈಯಲ್ಲಿ ಧ್ವನಿ ಹೋಗಿರೋದು ಎಷ್ಟು ಜನಕ್ಕೆ, ಅಮ್ಮನ ಸ್ವರತಂತು ಮೊದಲೇ ಚೆಕ್ ಮಾಡ್ತೀರಾ, ಅನಸ್ತೇಶಿಯಾ ಕೊಡೋರು ಯಾರು. ನಂಬರ್ ಹೇಳಿ, ಆಗಿರೋ ತೊಂದರೆನೂ ಹೇಳಿ, ಚೀಟಿ ಹಿಂದೆ ಚಿತ್ರ ಬರೆದು ತೋರಿಸೋರು ಸಿಕ್ಕಿದ್ರೆ ನಾನಾದ್ರೆ ಅವರನ್ನೇ ಆರಿಸ್ಕೋತೀನಿ, ಬೋರ್ಡಲ್ಲಿ ಎರಡೇ ಪದವಿ ಇದ್ರೂ ಪರವಾಗಿಲ್ಲ. "ನನ್ನ ಕೈಯಲ್ಲಿ ಒಂದೂ ತೊಂದರೆ ಆಗಿಲ್ಲ" ಅಂದ್ರೆ ಎರಡನೇ ಅಭಿಪ್ರಾಯ ತಗೊಳ್ಳಿ.

ಪ್ರಶ್ನೆ: ನಾವು ದೊಡ್ಡ ಡಾಕ್ಟರ್ ಹೆಸರು ನೋಡಿ ಹೋದ್ವಿ, ಆಪರೇಷನ್ ಮಾಡಿದ್ದು ಜೂನಿಯರ್ ಅಂತ ಆಮೇಲೆ ಗೊತ್ತಾಯ್ತು. ಇದು ಸರಿನಾ?

ಉತ್ತರ: ಜೂನಿಯರ್‌ಗಳು ಕಲಿಯೋದು ಹಾಗೇನೇ, ಸೀನಿಯರ್ ಎದುರಿಗೆ ನಿಂತು ಮಾಡಿಸೋದ್ರಲ್ಲಿ ತಪ್ಪಿಲ್ಲ. ನಿಮಗೆ ಹೇಳದೇ ಇದ್ದಿದ್ದು ತಪ್ಪು. ಮುಂದೆ ಸಹಿ ಹಾಕೋ ಮೊದಲು ಒಪ್ಪಿಗೆ ಪತ್ರದಲ್ಲಿ ಸರ್ಜನ್ ಹೆಸರಿನ ಜಾಗ ನೋಡಿ. ಖಾಲಿ ಬಿಟ್ಟಿದ್ರೆ "ಮುಖ್ಯ ಭಾಗ ಯಾರು ಮಾಡ್ತಾರೆ, ಇಲ್ಲಿ ಬರೀರಿ" ಅಂತ ಪೆನ್ ಕೊಡಿ. ಆಗಿ ಹೋಗಿರೋದಕ್ಕೆ ಆಪರೇಷನ್ ನೋಟ್ಸ್ ಕಾಪಿ ಕೇಳಿ ಇಸ್ಕೊಳ್ಳಿ, ಯಾರು ಮಾಡಿದ್ರು, ಯಾರು ಅಸಿಸ್ಟ್ ಮಾಡಿದ್ರು ಅಂತ ಅದರಲ್ಲಿ ಬರೆದಿರತ್ತೆ.