ಕುತ್ತಿಗೆ ದೊಡ್ಡದು ಮಾಡಬೇಡಿ, ಬೆನ್ನಿಗೆ ಸೀಳು ಬಿಡಿ

ಎರಡು ವರ್ಷದ ಮಗಳ ಕ್ರೋಶೆ ಫ್ರಾಕಿನ ಯೋಕ್ (ಕುತ್ತಿಗೆಯಿಂದ ಕಂಕುಳವರೆಗಿನ ಮೇಲ್ಭಾಗ) ಮುಗೀತು, ತಲೆಯಿಂದ ಇಳೀತಿಲ್ಲ, ಕುತ್ತಿಗೆಗೆ ಚೈನ್ (ಶುರುವಿನ ಸರಪಳಿ ಹೆಣಿಗೆ) ಜಾಸ್ತಿ ಹಾಕಲಾ ಅಂತ ಕೇಳಿದ್ದೀರಿ. ಬೇಡ. ಈ ವಯಸ್ಸಿಗೆ ತಲೆಯ ಸುತ್ತಳತೆ ಸುಮಾರು 48 ಸೆಂ.ಮೀ. ಅಷ್ಟು ಅಗಲ ಬಿಟ್ಟರೆ ಫ್ರಾಕ್ ಭುಜದಿಂದ ಜಾರುತ್ತದೆ.

ಯೋಕ್ ಮಾತ್ರ ತಾನೇ, ಬಿಚ್ಚಿಬಿಡಿ. ಚೈನ್ ಅಷ್ಟೇ ಇರಲಿ. ಸುತ್ತು ಸೇರಿಸದೆ, ಹೋಗಿ ಬಂದು ಸಾಲು ಹೆಣೆಯಿರಿ, ಬೆನ್ನಿಗೆ ಸೀಳು ಉಳಿಯುತ್ತದೆ. ಕಂಕುಳ ಹತ್ತಿರ ಬಂದ ಮೇಲೆ ಸುತ್ತು ಸೇರಿಸಿ. ಸೀಳಿಗೆ ಎರಡು ಚಪ್ಪಟೆ ಗುಂಡಿ, ಚೈನಿನ ಕುಣಿಕೆ ಸಾಕು. ಗುಂಡಿ ಮುಂಬೈಯ ಭುಲೇಶ್ವರ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಗಟ್ಟಿಯಾಗಿ ಹೊಲಿಯಿರಿ, ಕಿತ್ತು ಬಾಯಿಗೆ ಹಾಕ್ಕೊಳ್ತಾರೆ.

ದಾರ ಅಕ್ರಿಲಿಕ್ ಅಂದಿರಿ. ಮುಂಬೈ ಸೆಕೆಗೆ ಹತ್ತಿಯೇ ಸರಿ ಅಲ್ವಾ? ಆದರೆ ಹತ್ತಿ ಭಾರ, ಜೋತು ಬೀಳುತ್ತದೆ. ನಾನು ಹತ್ತಿಯಲ್ಲಿ ಹೆಣೆದ ಮೊದಲ ಫ್ರಾಕ್ ಮೊಣಕಾಲಿಗಿತ್ತು. ಮಳೆಗಾಲದಲ್ಲಿ ಒಗೆದು ಗ್ಯಾಲರಿ ಹಗ್ಗಕ್ಕೆ ಹಾಕಿದೆ. ಎರಡು ದಿನಕ್ಕೆ ಒಣಗಿತು, ಅಷ್ಟರಲ್ಲಿ ಪಾದ ಮುಟ್ಟುತ್ತಿತ್ತು! ಕೆಳಗಿನ ಅಂಚು ಹಾಕುವ ಮೊದಲು ಒಂದು ರಾತ್ರಿ ಹ್ಯಾಂಗರಿಗೆ ಹಾಕಿಡಿ, ಎಳೆಯುವಷ್ಟು ಎಳೆದುಕೊಳ್ಳಲಿ. ಒಗೆದ ಮೇಲೆ ಮಾತ್ರ ಟವಲಿನ ಮೇಲೆ ಹರಡಿ ಒಣಗಿಸಿ.