ಐದು ದಿನದ ದ್ವೀಪ ಪ್ರವಾಸ: ಸ್ಕೂಬಾ ಮೊದಲೋ, ಸುತ್ತಾಟ ಮೊದಲೋ?

ಪ್ರಶ್ನೆ: ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಐದು ದಿನ ಒಂದು ದ್ವೀಪಕ್ಕೆ ಹೋಗುತ್ತಿದ್ದೇವೆ. ಸ್ಕೂಬಾ ಡೈವಿಂಗ್ ಕಲಿಯಬೇಕು ಅಂತ ನನಗೆ ಆಸೆ. ಈಜು ಅಷ್ಟಕ್ಕಷ್ಟೆ, ಕನ್ನಡಕ ಬೇರೆ ಇದೆ. ಮೊದಲು ಸುತ್ತಾಡಿ, ಡೈವಿಂಗ್ ಕೊನೆಗೆ ಇಟ್ಟುಕೊಂಡಿದ್ದೇವೆ. ಐದನೇ ದಿನ ಮಧ್ಯಾಹ್ನ ವಿಮಾನ. ಸರಿಹೋಗುತ್ತಾ?

ಉತ್ತರ: ಆಸೆ ಚೆನ್ನಾಗಿದೆ, ದಿನಗಳ ಲೆಕ್ಕ ಮಾತ್ರ ತಲೆಕೆಳಗಾಗಿದೆ. ಡೈವಿಂಗ್ ಮೊದಲು ಮುಗಿಸಿ, ಸುತ್ತಾಟ ಆಮೇಲೆ ಇಟ್ಟುಕೊಳ್ಳಿ. ಯಾಕೆ ಅಂದರೆ, ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್‌ನಲ್ಲಿ ಇರುವುದು ಮಾಮೂಲಿ ಗಾಳಿ (ಬರೀ ಆಮ್ಲಜನಕ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ). ಆಳದಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಆ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಉಳಿಯುತ್ತದೆ, ಮೇಲೆ ಬಂದ ಮೇಲೂ ನಿಧಾನಕ್ಕೆ ಹೊರಗೆ ಹೋಗುತ್ತಿರುತ್ತದೆ. ಅದು ಪೂರ್ತಿ ಹೋಗುವ ಮೊದಲೇ ವಿಮಾನ ಹತ್ತಿದರೆ, ವಿಮಾನದೊಳಗಿನ ಒತ್ತಡ ನೆಲಮಟ್ಟಕ್ಕಿಂತ ಕಡಿಮೆ ಇರುತ್ತದಲ್ವಾ, ನೈಟ್ರೋಜನ್ ಮೈಯೊಳಗೇ ಗುಳ್ಳೆ ಕಟ್ಟಬಹುದು. ಕೀಲು ನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೆ ಏನು ಬೇಕಾದರೂ ಆಗಬಹುದು. ಡೈವಿಂಗ್ ಸುರಕ್ಷತೆ ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನುವ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಎತ್ತರದ ಬೆಟ್ಟದ ರಸ್ತೆಗೂ ಇದೇ ಎಚ್ಚರಿಕೆ. ಕೊನೆಯ ದಿನವಂತೂ ನೀರಿಗೆ ಇಳಿಯಲೇಬೇಡಿ.

ಇನ್ನು, ನಿಮಗೆ ಬೇಕಾಗಿರುವುದು ಯಾವುದು? ಒಂದು ಸಲ ನೋಡಿ ಬರುವ ಟ್ರಯಲ್ ಡೈವ್ ಅರ್ಧ ದಿನದ್ದು. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ, ಹೆಚ್ಚೆಂದರೆ 12 ಮೀಟರ್ ಆಳ. ಡೈವಿಂಗ್ ಕಲಿತು ಕಾರ್ಡ್ ಪಡೆಯುವ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಬೇರೆ. ಪಾಠ, ತಗ್ಗು ನೀರಿನ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್ ಎಲ್ಲಾ ಸೇರಿ ಮೂರು ನಾಲ್ಕು ದಿನ ಹಿಡಿಯುತ್ತದೆ, 18 ಮೀಟರ್‌ವರೆಗೆ ಇಳಿಯಬಹುದು. ಪ್ಯಾಡಿ ಅಥವಾ ಎಸ್‌ಎಸ್‌ಐ (ಎರಡೂ ಡೈವಿಂಗ್ ತರಬೇತಿ ಸಂಸ್ಥೆಗಳು) ಕಾರ್ಡ್ ಸಿಕ್ಕರೆ ಎಲ್ಲಾ ಕಡೆ ನಡೆಯುತ್ತದೆ. ನಿಮ್ಮ ಐದು ದಿನದಲ್ಲಿ ಕೋರ್ಸ್ ಆಗುತ್ತದೆ, ಆದರೆ ಪಾಠದ ಭಾಗ ಆನ್‌ಲೈನ್‌ನಲ್ಲಿ ಮನೆಯಲ್ಲೇ ಮುಗಿಸಿಕೊಂಡು ಹೋದರೆ ಮಾತ್ರ. ಅಷ್ಟು ದೂರ ಹೋಗಿ ಕೋಣೆಯಲ್ಲಿ ವಿಡಿಯೋ ನೋಡುತ್ತಾ ಕೂರುವುದು ಯಾರಿಗೆ ಬೇಕು?

ಈಜಿನ ವಿಷಯ. ಕೋರ್ಸ್‌ಗೆ 200 ಮೀಟರ್ ಎಲ್ಲೂ ನಿಲ್ಲದೆ ಈಜಬೇಕು. ಯಾವ ಶೈಲಿಯಾದರೂ ಸರಿ, ಇಷ್ಟೇ ಹೊತ್ತಿನಲ್ಲಿ ಮುಗಿಸಬೇಕು ಅಂತಿಲ್ಲ. ಆಮೇಲೆ 10 ನಿಮಿಷ ತೇಲಬೇಕು. ನಿಮಗೆ ಇನ್ನೂ ಒಂದು ತಿಂಗಳಿದೆ, ಈಗಲೇ ಶುರು ಮಾಡಿ. ಹೊಸ ಫಿನ್ಸ್ (ಕಾಲಿಗೆ ಹಾಕುವ ರೆಕ್ಕೆ), ವೆಟ್‌ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ ಉಡುಪು) ಅಂತ ದುಡ್ಡು ಸುರಿಯುವ ಬದಲು ಅದನ್ನು ಈಜು ತರಗತಿಗೆ ಹಾಕಿ. ಕನ್ನಡಕಕ್ಕೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಮೊದಲೇ ಕೇಳಿಡಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಕೂಡ ನಡೆಯುತ್ತದೆ. ದಪ್ಪ ಮೀಸೆ ಇದ್ದರೆ ಮಾಸ್ಕ್ ಒಳಗೆ ನೀರು ಜಿನುಗುತ್ತದೆ. ಬೋಳಿಸಬೇಕಿಲ್ಲ, ಮೂಗಿನ ಕೆಳಗೆ ಸ್ವಲ್ಪ ಕತ್ತರಿಸಿದರೆ ಸಾಕು.

ನೀವು ಕೇಳಿಲ್ಲ, ಆದರೂ ಕಿವಿಯ ಬಗ್ಗೆ ಹೇಳಲೇಬೇಕು. ಎಲ್ಲರೂ ಶಾರ್ಕ್ ಬಗ್ಗೆ ಹೆದರುತ್ತಾರೆ, ಆದರೆ ಹೊಸಬರ ರಜೆ ಹಾಳಾಗುವುದು ಹೆಚ್ಚಾಗಿ ಕಿವಿಯಿಂದ. ಮೊದಲ 10 ಮೀಟರ್‌ನಲ್ಲೇ ಒತ್ತಡ ಎರಡು ಪಟ್ಟಾಗುತ್ತದೆ, ಅದಕ್ಕೇ ಇಳಿಯಲು ಶುರು ಮಾಡಿದ ಕೂಡಲೇ ಕಿವಿ ಬಿಗಿಯುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ನೋವು ಬಂದ ಮೇಲಲ್ಲ, ಬರುವ ಮೊದಲೇ, ಮೀಟರ್‌ಗೆ ಒಂದು ಸಲವಾದರೂ. ಕಿವಿ ಬಿಡಲಿಲ್ಲವೇ? ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿದರೆ ಕಿವಿಯೊಳಗೆ ಪೆಟ್ಟಾಗುತ್ತದೆ. ನೆಗಡಿ ಇದ್ದರೆ ಆ ದಿನ ಇಳಿಯಬೇಡಿ. ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರೊಳಗೇ ಮುಗಿಯಬಹುದು, ಆಗ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಂಡು ಇನ್ನೂ ಕಷ್ಟ.

ಎರಡನೆಯದು ಉಸಿರು. ಯಾವ ಕಾರಣಕ್ಕೂ ಬಿಗಿಹಿಡಿಯಬೇಡಿ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ, ಹೊರಗೆ ಬಿಡದಿದ್ದರೆ ಶ್ವಾಸಕೋಶಕ್ಕೇ ಏಟು. ಗಾಬರಿಯಾದಾಗ ಉಸಿರು ಕಟ್ಟಿ ಮೇಲಕ್ಕೆ ನುಗ್ಗಬೇಕು ಅನಿಸುವುದು ಸಹಜ. ಮಾಸ್ಕ್‌ಗೆ ನೀರು ತುಂಬಿಸಿ, ಮೂಗಿನಿಂದ ಊದಿ ಖಾಲಿ ಮಾಡುವ ಅಭ್ಯಾಸ ಮತ್ತೆ ಮತ್ತೆ ಮಾಡಿಸುವುದರ ಹಿಂದೆ ಇದೂ ಒಂದು ಕಾರಣ. ಬೇಸರ ಪಡದೆ ಮಾಡಿ. ಹಾಗೇ, ಎಲ್ಲಾ ಚೆನ್ನಾಗಿದೆ ಅಂತ ಹೆಬ್ಬೆರಳು ಎತ್ತಿ ತೋರಿಸಬೇಡಿ. ನೀರೊಳಗೆ ಅದರ ಅರ್ಥ "ಮೇಲೆ ಹೋಗೋಣ"! ಇನ್‌ಸ್ಟ್ರಕ್ಟರ್ ನಿಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ ಅಷ್ಟೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿದರೆ "ಓಕೆ".

ಪ್ರಶ್ನೆ: ಚಿಕ್ಕಂದಿನಲ್ಲಿ ನನಗೆ ಅಸ್ತಮಾ ಇತ್ತು, ಈಗ ಇಲ್ಲ. ಡೈವಿಂಗ್‌ಗೆ ಮೊದಲು ತುಂಬುವ ಆರೋಗ್ಯದ ಫಾರ್ಮ್‌ನಲ್ಲಿ "ಇಲ್ಲ" ಅಂತ ಬರೆದರೆ ಆಗಲ್ವಾ?

ಉತ್ತರ: ಆಗಲ್ಲ. ಇದ್ದದ್ದನ್ನೇ ಬರೆಯಿರಿ. ಶ್ವಾಸನಾಳ ಎಲ್ಲಾದರೂ ಬಿಗಿದುಕೊಂಡರೆ ಹಿಗ್ಗಿದ ಗಾಳಿಗೆ ಹೊರದಾರಿ ಇರುವುದಿಲ್ಲ, ಅಸ್ತಮಾ ಬಗ್ಗೆ ಕೇಳುವುದು ಅದಕ್ಕೇ. ಹಾಗಂತ ಅಸ್ತಮಾ ಇದ್ದವರಿಗೆಲ್ಲಾ ಬಾಗಿಲು ಮುಚ್ಚಿದೆ ಅಂತಲ್ಲ, ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟರೆ ಇಳಿಯಬಹುದು. ಆದರೆ ಆ ಸಹಿ ಹೊರಡುವ ಮೊದಲೇ ಬೇಕು. ದ್ವೀಪಕ್ಕೆ ಹೋದ ಮೇಲೆ ವೈದ್ಯರನ್ನು ಹುಡುಕಲು ಹೊರಟರೆ ಒಂದು ದಿನ ಸುಮ್ನೆ ಹೋಗುತ್ತದೆ. ಈಗಲೇ ಡೈವ್ ಸೆಂಟರ್‌ಗೆ ಬರೆದು ಫಾರ್ಮ್ ತರಿಸಿಕೊಳ್ಳಿ. "ಫಾರ್ಮ್ ಎಲ್ಲಾ ಏನೂ ಬೇಡ, ಬನ್ನಿ ಸಾಕು" ಅಂದರೆ ಬೇರೆ ಸೆಂಟರ್ ನೋಡಿ.